ಬಾಗಿಲಲ್ಲೇ ನಿಂತ 425

"ನಿಮ್ಮ ಸರ್ವರ್‌ಗೂ ನಿಮ್ಮದೇ ಬುದ್ಧಿ," ಎಂದು ಅವಳು ಫೋನಿನಲ್ಲಿ ಸಿಡುಕಿದಳು. "ಹೆಸರು ಕೇಳುತ್ತೆ, ಪಾಸ್‌ವರ್ಡ್ ಕೇಳುತ್ತೆ, ಬನ್ನಿ ಬನ್ನಿ ಅನ್ನುತ್ತೆ. ಫೈಲ್ ಕಳಿಸಿದ್ರೆ ಮಾತ್ರ 425 ಅಂತ ಎರರ್!"

ಅವಳು ಮಕ್ಕಳ ಪುಸ್ತಕಗಳ ಪುಟ ಜೋಡಿಸುವವಳು. ಅವನು ಊರಿನ ಆ ತುದಿಯ ಪ್ರೆಸ್ಸಿನಲ್ಲಿ, ಆ ಪುಟಗಳು ಬಂದಿಳಿಯುವ ಸರ್ವರ್ ನೋಡಿಕೊಳ್ಳುವವನು. ಮುಖ ಕಂಡದ್ದು ಒಂದೆರಡು ಸಲ, ಮಾತು ದಿನವೂ. ಅವಳಿಗೆ ಗಂಟಲು ಕಟ್ಟಿದ್ದ ವಾರ, "ಹೂಂ", "ಉಹೂಂ"ನಲ್ಲೇ ಉತ್ತರ ಮುಗಿಯುವ ಹಾಗೆ ಅವನು ಪ್ರಶ್ನೆ ಕೇಳಿದ್ದ. ಅದನ್ನು ಅವಳು ಮರೆತಿರಲಿಲ್ಲ.

ಆದರೆ ಭಾನುವಾರ ಮನೆಗೆ ಬಂದು ದೊಡ್ಡಮ್ಮನ ಹತ್ತಿರ ಮಾತಾಡುತ್ತೇನೆ ಎಂದವನು ಬರಲೇ ಇಲ್ಲ. ಅವಳು ಇಸ್ತ್ರಿ ಮಾಡಿದ ನೀಲಿ ಬಟ್ಟೆ ತೊಟ್ಟು ಒಳಕೋಣೆಯಲ್ಲಿ ಕಾದು ಕಾದು, ಕೊನೆಗೆ ಅದರಲ್ಲೇ ಪಾತ್ರೆ ತೊಳೆದಿದ್ದಳು.

"ಎರರ್ ನಂಬರ್ 4ರಿಂದ ಶುರುವಾದ್ರೆ, ಈಗ ಆಗ್ತಿಲ್ಲ, ಮತ್ತೆ ನೋಡಿ ಅಂತ," ಎಂದ ಅವನು, ತಣ್ಣಗೆ. "5 ಆದ್ರೆ ಆಗೋದೇ ಇಲ್ಲ ಅಂತ. ನನಗೆ ಸಿಕ್ಕಿದ್ದು 5."

"ನಿಮಗ್ಯಾರು ಕೊಟ್ಟಿದ್ದು?"

"ಹೋಗ್ಲಿ ಬಿಡಿ. ಇದರಲ್ಲಿ ಮಾತಿಗೆ ಒಂದು ದಾರಿ, ಫೈಲಿಗೆ ಇನ್ನೊಂದು. ಮಾತಿನ ದಾರಿ ಚೆನ್ನಾಗೇ ಇದೆ. ಫೈಲಿಗೋಸ್ಕರ ನಮ್ಮ ಸರ್ವರ್ ನಿಮ್ಮ ಬಾಗಿಲಿಗೆ ಬರುತ್ತೆ. ಅಲ್ಲಿ ಕಾವಲಿಗಿರೋ ಫೈರ್‌ವಾಲ್ ಯಾರೋ ಏನೋ ಅಂತ ವಾಪಸ್ ಕಳಿಸುತ್ತೆ. ಬಂದಿದ್ದೂ ಒಳಗಿರೋ ನಿಮಗೆ ಗೊತ್ತಾಗಲ್ಲ."

ಅವಳ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು.

"ನೀವು ಭಾನುವಾರ ಬಂದಿದ್ರಾ?"

"ಬಂದಿದ್ದೆ. ಕಿಟಕಿಯಿಂದ ಒಬ್ಬ ಅಮ್ಮ, 'ನಮಗೇನೂ ಬೇಡಪ್ಪ, ಮುಂದೆ ಹೋಗು' ಅಂದ್ರು. ನೀವೇ ಹೇಳಿಸಿದ್ದು ಅಂದ್ಕೊಂಡೆ."

"ಕೈಯಲ್ಲಿ ಬ್ಯಾಗಿತ್ತಾ?"

"ಇತ್ತು. ನಿಮ್ಮ ಹೊಸ ಪುಸ್ತಕದ ಪ್ರತಿಗಳು."

"ಅಯ್ಯೋ! ಬ್ಯಾಗು ಹಿಡಿದು ಬಂದೋರೆಲ್ಲ ನಮ್ಮ ದೊಡ್ಡಮ್ಮಂಗೆ ಸೋಪು ಮಾರೋರೇ!"

ಆ ತುದಿಯಿಂದ ತಡೆಯಲಾರದ ನಗು.

"ಈಗೇನ್ಮಾಡೋದು?" ಎಂದಳು.

"ಪ್ಯಾಸಿವ್ ಮೋಡ್ ಅಂತ ಇದೆ. ನಾವು ಬರೋ ಬದಲು ನೀವೇ ಹೊರಟು ಬರೋದು. ಹೊರಗೆ ಹೋಗೋರನ್ನ ಫೈರ್‌ವಾಲ್ ತಡೆಯಲ್ಲ."

"ಫೈಲಿನ ವಿಷಯ ತಾನೇ?"

"ಫೈಲಿನ... ವಿಷಯಾನೂ."

ಅವಳು ಸೆಟ್ಟಿಂಗ್ ಬದಲಿಸಿದಳು. 150 ಮೂಡಿತು. "ದಾರಿ ತೆರೀತು, ಶುರುವಾಯ್ತು ಅಂತ," ಎಂದ. ಸ್ವಲ್ಪ ಹೊತ್ತಿಗೆ 226. "ಪೂರ್ತಿ ತಲುಪಿತು."

ಸಂಜೆ ಮತ್ತೆ ಆ ನೀಲಿ ಬಟ್ಟೆ ತೊಟ್ಟು ಹೊರಟಳು. ಕಿಟಕಿಯ ಬಳಿ ಕೂತಿದ್ದ ದೊಡ್ಡಮ್ಮ ಎಲ್ಲಿಗೆ ಎಂದು ಕೇಳಲಿಲ್ಲ.

"ದೊಡ್ಡ ಕೊಡೆ ತಗೋ."

"ಚಿಕ್ಕದು ಸಾಕು ದೊಡ್ಡಮ್ಮ."

"ಇಬ್ಬರಿಗೆ ಸಾಲಲ್ಲ ಕಣೇ. ಸೋಪು ಮಾರೋನು ಬೀದಿ ತುದಿಯವರೆಗೂ ತಿರುಗಿ ತಿರುಗಿ ನೋಡ್ತಾನಾ? ನನಗೆ ಆಮೇಲೆ ಹೊಳೀತು." ದೊಡ್ಡಮ್ಮ ಕನ್ನಡಕ ಒರೆಸಿಕೊಂಡರು. "ನಾಳೆ ಕರ್ಕೊಂಡ್ಬಾ. ಏನು ಮಾರಿದ್ರೂ ತಗೊಳ್ಳೋಣ."

ಪ್ರೆಸ್ಸಿನ ಗೇಟಿನಲ್ಲಿ ಅವನು ಕಾಯುತ್ತಿದ್ದ. ಫೋನಿನಲ್ಲಿ ಅಷ್ಟು ಮಾತಾಡುವವನ ಬಾಯಿಗೆ ಬೀಗ ಬಿದ್ದಿತ್ತು, ಕಿವಿ ಕೆಂಪಾಗಿತ್ತು. ಅವಳೂ ನೆಲ ನೋಡಿದಳು, ಅವನ ಶೂ ನೋಡಿದಳು, ಕೊನೆಗೆ ಕಣ್ಣನ್ನೇ ನೋಡಿದಳು.

"ಏನಾದ್ರೂ ಹೇಳ್ರೀ."

"150," ಎಂದ ಅವನು.

ಅವಳಿಗೆ ನಗು ಬಂತು. "226 ಯಾವಾಗ?"

"ಇದು ದೊಡ್ಡ ಫೈಲು. ಇಬ್ಬರ ತಲೆ ಬೆಳ್ಳಗಾದ್ಮೇಲೂ ಹೋಗ್ತಾನೇ ಇರುತ್ತೆ."

ಮಳೆ ಇನ್ನೂ ಬಂದಿರಲಿಲ್ಲ. ಆದರೂ ಅವಳು ದೊಡ್ಡ ಕೊಡೆ ಬಿಚ್ಚಿದಳು.