ಅಡವಿಯಲ್ಲೇ ಉಳಿದ ಮರಿ

“ನಮ್ಮ ಶೀತಲಳ ಹಾಡಂತೂ... ಏನ್ ಧ್ವನಿ, ಏನ್ ಧ್ವನಿ! ಮಂದಿ ಕಣ್ಣಾಗ ನೀರು ಬಂತು,” ಎಂದರು ಬಳಗದ ಅಧ್ಯಕ್ಷ ಮಲಕಾಜಪ್ಪ.

ಬಾಗಿಲ ಬಳಿ ಕೂತಿದ್ದ ಶೀತಲಳಿಗೆ ಕೆಮ್ಮು ಬಂತು. ಅವಳು ಹಾಡಿಯೇ ಇರಲಿಲ್ಲ.

ಗಡಿಯೂರು ವಾಗದರಿಯ ಕನ್ನಡ ಬಳಗದ ಕಾರ್ಯಕ್ರಮ ಮುಗಿದು ವಾರವಾಗಿತ್ತು. ಅದು ಹೇಗಾಯಿತೆಂದು ನೋಡಲು ಇವತ್ತು ಶಾಲೆಯಲ್ಲಿ ಬೈಠಕ್. ಶೀತಲಳನ್ನು ಕರೆತಂದವನು ಅವಳ ಗುರುಶಾಂತ ಕಾಕಾ, ಬಳಗದ ಕಾರ್ಯದರ್ಶಿ.

ಕಾರ್ಯಕ್ರಮದ ದಿನ ಅವಳು ಕುರಿಗಾರರ ದೇವರು ಬೀರಪ್ಪನ ಹಾಡು ಹಾಡಬೇಕಿತ್ತು. ಮೊದಲು ಅತಿಥಿಗಳಿಗೆ ಶಾಲು ಹೊದಿಸಿದರು. ಆಮೇಲೆ ಹೊದಿಸಿದವರಿಗೆ ಹೊದಿಸಿದರು. ಶಾಲಿನ ತಾಟು ಹಿಡಿದವರನ್ನೂ ಬಿಡಲಿಲ್ಲ. ಅಷ್ಟರಲ್ಲಿ ಕುರ್ಚಿ ಬಾಡಿಗೆಗೆ ಕೊಟ್ಟ ಮಂಡಪದವನು ಬಂದು, ಜನ ಕೂತ ಕುರ್ಚಿಗಳನ್ನೇ ಎತ್ತತೊಡಗಿದ. ಹೊಸ ಲಂಗ ತೊಟ್ಟ ಶೀತಲ ಮೈಕಿನ ಪಕ್ಕ ನಿಂತೇ ಇದ್ದಳು.

“ಫೋಟೋ ಭಾಳ ಛಲೋ ಬಂದಾವ,” ಎಂದರು ಮಲಕಾಜಪ್ಪ. “ಜಿಲೇಬಿ ಒಂದೂ ಉಳೀಲಿಲ್ಲ. ಅಂದ್ರ ಕಾರ್ಯಕ್ರಮ ಏಕದಮ್ ಯಶಸ್ವಿ! ಶೀತಲ, ಬಾರವಾ. ನಿಂದೂ ಒಂದು ಸತ್ಕಾರ ಐತಿ.”

ಕಾಕಾ ಆಗಲೇ ಶಾಲು ಬಿಡಿಸಿದ್ದ. ಶೀತಲಳಿಗೆ ಅಜ್ಜಿಯ ನೆನಪಾಯಿತು. ಹಾಡು ಕಲಿಸಿದ ಅಜ್ಜಿ ಸಕ್ಕುಬಾಯಿ ಮನೆಯ ಬಾಗಿಲಲ್ಲೇ ಕೇಳಿಬಿಡುತ್ತಾಳೆ, ಇದು ಯಾಕ ಕೊಟ್ರು ಅಂತ.

“ಅಜ್ಜಾರ, ನಾ ಹಾಡೇ ಇಲ್ಲರಿ.”

ಕಾಕಾ ಶಾಲು ಹಿಡಿದು ಹಾಗೇ ನಿಂತ, ಬಟ್ಟೆ ಒಣಹಾಕುವವರ ಹಾಗೆ.

“ಹಾಡಿಲ್ಲ? ಆಮಂತ್ರಣದಾಗ ಛಾಪಿಸೇವಲ್ಲ!” ಎಂದರು ಮಲಕಾಜಪ್ಪ.

“ಛಾಪಿಸೀರಿ. ಕರೀಲಿಲ್ರಿ.”

ಮಲಕಾಜಪ್ಪ ಕೊಂಚವೂ ಅಳುಕಲಿಲ್ಲ. “ಹಂಗಾರ ಈಗ ಹಾಡು. ಆವತ್ತೇ ಹಾಡಿದಂಗ ಆಗ್ತದ. ಲಗೂನ, ಚಾ ಬರಾಕತ್ತೈತಿ.”

ಶೀತಲ ಕಣ್ಣು ಮುಚ್ಚಿ ಶುರು ಮಾಡಿದಳು. ಬೀರಪ್ಪನ ಕುರಿಮರಿ ಅಡವಿಯಲ್ಲಿ ತಪ್ಪಿಸಿಕೊಂಡಿತು. ಬೀರಪ್ಪ ಗುಡ್ಡ ಹುಡುಕಿದ, ಹಳ್ಳ ಹುಡುಕಿದ... ಅಷ್ಟರಲ್ಲಿ ಚಹಾ ಬಂತು. ಕಪ್ಪುಗಳು ಕಿಣಿಕಿಣಿ ಎಂದವು. ಯಾರದೋ ಫೋನು ಕೂಗಿತು. ಶೀತಲಳಿಗೆ ಮುಂದಿನ ಸಾಲು ಮರೆತೇ ಹೋಯಿತು! ಗಾಬರಿಯಲ್ಲಿ ನೇರ ಕಡೆಯ ಸಾಲಿಗೆ ಹಾರಿ ಮುಗಿಸಿದಳು. ಈಗ ಎಲ್ಲರೂ ನಗುತ್ತಾರೆ ಎಂದುಕೊಂಡಳು.

ಚಪ್ಪಾಳೆಯೋ ಚಪ್ಪಾಳೆ.

“ಒಂದಕ್ಷರ ತಪ್ಪಲಿಲ್ಲ ನೋಡ್ರಿ!” ಎಂದರು ಮಲಕಾಜಪ್ಪ, ಬಸಿಗೆ ಸುರಿದ ಚಹಾ ಊದುತ್ತಾ. ಶಾಲು ಹೆಗಲೇರಿತು. ಫೋಟೋ ತೆಗೆದರು. ಬೈಠಕ್ ಕೂಡ ಯಶಸ್ವಿಯಾಯಿತು.

ಮನೆಯಲ್ಲಿ ಅಜ್ಜಿ, ಮೊನ್ನೆ ಹುಟ್ಟಿದ ಕುರಿಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಶಾಲನ್ನು ಮುಟ್ಟಿ ನೋಡಿ, ಮರಿಗೆ ಹೊದಿಸಿಬಿಟ್ಟಳು.

“ಹಾಡಿದೇನು? ಅಲ್ಲಿ ಹೆಂಗ ಹಾಡಿದಿ, ಹಂಗ ಹಾಡು ನೋಡೂಣು.”

ಶೀತಲ ಹಾಗೆಯೇ ಹಾಡಿದಳು. ಅಜ್ಜಿಯ ಕೈ ಮರಿಯ ಬೆನ್ನ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು. ಕಡೆಯ ಸಾಲಿಗೆ ಹಾರಿದೊಡನೆ ಆ ಕೈ ನಿಂತಿತು.

“ಏ ಹುಡುಗಿ! ಮರಿ ಸಿಗೋ ಸಾಲು ಎಲ್ಲಿ? ಪಾಪ, ಅದನ್ನ ಅಡವ್ಯಾಗೇ ಬಿಟ್ಟು ಬಂದೇನು?”

ಬೈಸಿಕೊಂಡರೂ ಶೀತಲಳಿಗೆ ನಗು ಬಂತು. ಚಪ್ಪಾಳೆ ಬಿದ್ದಾಗ ಬಾರದ ನಗು. ಅವಳು ಅಜ್ಜಿಯ ಹತ್ತಿರ ಸರಿದು ಕೂತು, ಮೊದಲಿನಿಂದ ಶುರು ಮಾಡಿದಳು. ಗುಡ್ಡ, ಹಳ್ಳ, ಜಾಲಿಯ ಪೊದೆ. ಈ ಸಲ ಅವಸರ ಮಾಡಲಿಲ್ಲ.

ಮರಿ ಸಿಕ್ಕಿತು.