ಹೆಸರಿಲ್ಲದ ಅಂಗಡಿಯ ಪ್ರಶ್ನೆ

"ನಾಳೆ ಅಂದ್ರೆ ಯಾವ ನಾಳೆ ರೀ? ಇದು ನಾಲ್ಕನೇ ನಾಳೆ!"

ಹೊಲಿಗೆ ಅಂಗಡಿಯ ಕೌಂಟರ್ ಮೇಲೆ ತನ್ನ ಅಂಗಿಯ ಚೀಟಿ ಕುಕ್ಕಿ ಕೇಳಿದ ಕೊರಿಯರ್‌ನವನನ್ನು ಟೈಲರಮ್ಮನ ಮಗಳು ದುರುಗುಟ್ಟಿ ನೋಡಿದಳು.

"ಅಮ್ಮನಿಗಿರೋದು ಎರಡೇ ಕೈ. ಅಷ್ಟು ಅರ್ಜೆಂಟ್ ಇದ್ರೆ ಬರಿಮೈಯಲ್ಲಿ ಓಡಾಡಿ!"

ಅವನು ಬೆಪ್ಪಾದ. ಆಮೇಲೆ ನಕ್ಕುಬಿಟ್ಟ. ಅವಳಿಗೂ ನಗು ಉಕ್ಕಿ ಬಂತು. ತುಟಿ ಕಚ್ಚಿ ತಡೆದುಕೊಂಡಳು.

ಅದೇ ಸಂಜೆ ಬಿಸಿನೆಸ್ ಸ್ಟಡೀಸ್ ಟ್ಯೂಷನ್ನಿಗೆ ಹೋದರೆ, ಹೊಸದಾಗಿ ಸೇರಿದವನೊಬ್ಬ ಮುಂದಿನ ಬೆಂಚಿನಲ್ಲಿ ಕೂತಿದ್ದ. ಅವನೇ!

ಪಾಪ, ಅವಳ ಕಷ್ಟ ಅವಳಿಗೆ. ಈ ವಿಷಯದ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಉಳಿದಿದ್ದು ಒಂದೇ ಅವಕಾಶ. ಅದೂ ಕೈಬಿಟ್ಟರೆ ಓದಿಗೆ ಅಲ್ಲಿಗೇ ಎಳ್ಳುನೀರು. ವ್ಯಾಖ್ಯೆಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಆದರೆ ಕೇಸ್ ಸ್ಟಡಿ ಬಂತೋ... ಯಾವುದೋ ಕಂಪನಿಯ ಕಥೆ ಕೊಟ್ಟು 'ತಪ್ಪೆಲ್ಲಿದೆ, ಏನು ಮಾಡಬೇಕು' ಎಂದು ಕೇಳಿದರೆ ಅದೇ ವ್ಯಾಖ್ಯೆಗಳನ್ನು ಗೀಚಿಟ್ಟು ಬರುತ್ತಿದ್ದಳು.

ಎರಡು ತಿಂಗಳಲ್ಲಿ ಜಗಳ ಸ್ನೇಹವಾಯಿತು. ವಾರಕ್ಕೊಮ್ಮೆ ಅವನ ಅಂಗಿಯ ಗುಂಡಿ ಕಿತ್ತುಹೋಗತೊಡಗಿತು.

'ಇವನೇನು ಕುಸ್ತಿ ಆಡ್ತಾನಾ?' ಎಂದುಕೊಳ್ಳುತ್ತಲೇ ಅವಳು ದಾರಿ ಕಾಯುತ್ತಿದ್ದಳು.

ಒಂದು ದಿನ ಟ್ಯೂಷನ್ ಮೇಡಂ ಹೇಳಿದರು: "ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ವ್ಯಾಪಾರದ ಮೇಲೆ ಕೇಸ್ ಬರ್ಕೊಂಡು ಬನ್ನಿ. ಹೆಸರು ಬೇಡ. ಉಳಿದವರು ಉತ್ತರ ಬರೀಲಿ."

ಅವನ ಸರದಿ ಬಂತು. ಎದ್ದು ನಿಂತು ಓದಿದ.

"ಒಂದು ಹೊಲಿಗೆ ಅಂಗಡಿ. ಕೆಲಸ ಅಚ್ಚುಕಟ್ಟು. ಆದರೆ ಒಂದು ಬಟ್ಟೆಯೂ ಹೇಳಿದ ದಿನಕ್ಕೆ ಸಿಗುವುದಿಲ್ಲ. ಕೌಂಟರಿನಲ್ಲಿರುವ ಹುಡುಗಿ ಎಲ್ಲರಿಗೂ ನಾಳೆ ಎನ್ನುತ್ತಾಳೆ. ತಪ್ಪು ಯಾರದು?"

ಇಡೀ ಕ್ಲಾಸು ಗೊಳ್ಳೆಂದಿತು! ಹೆಸರು ಮುಚ್ಚಿಟ್ಟು ಏನು ಬಂತು? ಅಲ್ಲಿದ್ದವರೆಲ್ಲ ಆ ಅಂಗಡಿಯ ಗಿರಾಕಿಗಳೇ. ಮೇಡಂ ರವಿಕೆಯೂ ಇನ್ನೂ ಅಲ್ಲೇ ಇತ್ತು.

ಅವಳ ಮುಖ ಕೆಂಪೇರಿತು. 'ನನ್ನನ್ನ ಆಡಿಕೊಳ್ಳೋಕೆ ಇಷ್ಟು ದಿನ ಬರ್ತಿದ್ನಾ?' ಪುಸ್ತಕ ಎತ್ತಿಕೊಂಡು ಹೊರಟೇಬಿಟ್ಟಳು. ಕಣ್ಣೀರು ನಿಲ್ಲಲಿಲ್ಲ.

ಮನೆಗೆ ಬಂದವಳೇ ಪೆನ್ನು ಹಿಡಿದಳು. 'ತಪ್ಪು ಯಾರದಂತೆ! ಬರೆದು ಅವನ ಮುಖಕ್ಕೆ ಎಸೀತೀನಿ!'

"ಅಮ್ಮಾ, ಒಳಗೆ ಎಷ್ಟು ಬಟ್ಟೆ ಬಾಕಿ ಇದೆ?"

"ಯಾರಿಗೆ ಗೊತ್ತು ಮಗಳೇ? ನೀನು ತಗೋತಾ ಹೋಗ್ತೀಯ, ನಾನು ಹೊಲೀತಾ ಹೋಗ್ತೀನಿ."

ಪೆನ್ನು ನಿಂತಿತು.

ಎಣಿಸಿದಳು. ಅರವತ್ತಮೂರು! ಅಮ್ಮ ದಿನಕ್ಕೆ ಹೊಲಿಯುವುದು ಆರು. ಯೋಜನೆ, ಸಮನ್ವಯ ಎಂದು ಗಿಳಿಪಾಠ ಒಪ್ಪಿಸುತ್ತಿದ್ದಳಲ್ಲ, ಅವೆರಡೂ ಇಲ್ಲದ್ದು ತನ್ನ ಮನೆಯಲ್ಲೇ! ನಾಲ್ಕು ಪುಟ ಬರೆದಳು. ಮರುದಿನವೇ ಕೌಂಟರ್ ಹಿಂದೆ ಒಂದು ಹಲಗೆ ತೂಗುಹಾಕಿದಳು: ಯಾರ ಬಟ್ಟೆ, ಯಾವ ದಿನ. ತಿಂಗಳೊಳಗೆ ಗಿರಾಕಿಗಳು ಬರೆದುಕೊಟ್ಟ ದಿನಕ್ಕೇ ಬಟ್ಟೆ ಪಡೆದು, ನಗುತ್ತಾ ಹೋಗತೊಡಗಿದರು.

ಟ್ಯೂಷನ್ನಿನಲ್ಲಿ ಎದುರಾದರೂ ಅವನ ಜೊತೆ ಮಾತ್ರ ಮಾತಿಲ್ಲ. ಅವನೂ ಅಂಗಡಿಯ ಕಡೆ ಸುಳಿಯಲಿಲ್ಲ.

ಪರೀಕ್ಷೆಯಲ್ಲಿ ಒಂದು ಚಪ್ಪಲಿ ಕಾರ್ಖಾನೆಯ ಕಥೆ ಕೊಟ್ಟಿದ್ದರು. ಈ ಸಲ ವ್ಯಾಖ್ಯೆ ಗೀಚಲಿಲ್ಲ. ಕಥೆಯ ಒಂದೊಂದು ಸಂಗತಿಗೂ ಗೆರೆ ಎಳೆದಳು. ಕೊಟ್ಟ ಪ್ರತಿ ಪರಿಹಾರವನ್ನೂ ಆ ಕಾರ್ಖಾನೆಗೇ ಹೊಂದಿಸಿ ಬರೆದಳು.

ಫಲಿತಾಂಶ ಬಂತು. ಪರೀಕ್ಷಾ ಕೇಂದ್ರಕ್ಕೇ ಅವಳು ಮೊದಲು! ಅಮ್ಮ ಹೊಲಿಗೆ ಬಿಟ್ಟು ಓಡಿ ಬಂದು ತಬ್ಬಿಕೊಂಡಳು.

ಅವಳು ನೇರ ಕೊರಿಯರ್ ಆಫೀಸಿಗೆ ನಡೆದಳು. ಅವನು ಪಾರ್ಸೆಲ್ಲುಗಳ ಮಧ್ಯೆ ಎದ್ದು ನಿಂತ.

"ನಮ್ಮ ಅಂಗಡಿ ಬಗ್ಗೆನೇ ಯಾಕೆ ಬರೆದ್ರಿ?"

"ಮೇಡಂ ಚೆನ್ನಾಗಿ ಗೊತ್ತಿರೋದನ್ನ ಬರೀರಿ ಅಂದ್ರಲ್ಲ... ನಿಮ್ಮ ಅಂಗಡಿ ಕಥೆ ಆದ್ರೆ ಬಾಯಿಪಾಠ ನಡೆಯಲ್ಲ, ನೀವೇ ಯೋಚಿಸಿ ಬರೀತೀರಿ ಅಂದ್ಕೊಂಡೆ. ಎಲ್ಲರೂ ನಿಮ್ಮ ಗಿರಾಕಿಗಳು ಅನ್ನೋದು ಈ ಮಂಡೆಗೆ ಹೊಳೀಲೇ ಇಲ್ಲ. ತಪ್ಪಾಯ್ತು ರೀ."

ಅವಳ ಕಣ್ಣು ತುಂಬಿತು.

"ತಿಂಗಳುಗಟ್ಟಲೆ ಅಂಗಡಿ ಕಡೆ ಮುಖ ಹಾಕಲಿಲ್ಲ ಯಾಕೆ?"

"ಓದೋ ಹೊತ್ತಲ್ಲಿ ಇನ್ನೊಂದು ಸಲ ನಿಮ್ಮನ್ನ ಅಳಿಸೋ ಧೈರ್ಯ ಇರಲಿಲ್ಲ."

"ಪಾಸಾದ್ರೆ ಹೇಳೋಣ ಅಂತ ಒಂದು ಮಾತು ಇಟ್ಕೊಂಡಿದ್ದೆ..." ಎಂದಳು ಅವಳು.

"ಏನು?"

"ನೀನಂದ್ರೆ ನಂಗೆ ತುಂಬಾ ಇಷ್ಟ ಕಣೋ!"

ಅವನ ಕೈಯಲ್ಲಿದ್ದ ಪಾರ್ಸೆಲ್ ಜಾರಿ ಬಿತ್ತು.

"ಮೊದಲು ಅದನ್ನ ಎತ್ಕೋ," ಎಂದಳು, ನಗುವಿನ ನಡುವೆ ಕಣ್ಣೊರೆಸಿಕೊಳ್ಳುತ್ತಾ.

"ಇರ್ಲಿ ಬಿಡೇ... ನನ್ನ ಕೈ ನಿನ್ನ ಕೈ ಹಿಡ್ಕೊಂಡಿದೆ, ಕಾಣ್ತಿಲ್ವಾ?"