ಒಲವುಮಾಪಕ ಮತ್ತು ಇಂಚರಾಳ ಪಟ್ಟಿ

ವಿಶಾಲಾಕ್ಷಿ ಹಂಪಿಹೊಳಿ ಬಿಳಿ ಟೊಪ್ಪಿಗೆಯನ್ನು ಇಂಚರಾಳ ತಲೆಗಿಟ್ಟು ಗದ್ದದ ಕೆಳಗೆ ಪಟ್ಟಿ ಬಿಗಿದರು. ಪರದೆಯ ಮೇಲೆ ಒಂದೊಂದೇ ವಿಷಯ ಸರಿಯತೊಡಗಿತು: ಸೇತುವೆ ಕಟ್ಟುವುದು, ಕಾನೂನು, ಕೀಟಶಾಸ್ತ್ರ, ವೈದ್ಯಕೀಯ. ಪ್ರತಿಯೊಂದರ ಪಕ್ಕದಲ್ಲೂ ನೂರಕ್ಕೆ ಇಷ್ಟು ಎಂದು ಒಂದು ಅಂಕೆ. ವೈದ್ಯಕೀಯ ಬಂದಾಗ ಅದು ಎಂಬತ್ತೆಂಟಕ್ಕೆ ಏರಿತು. ಮಗಳ ಪಕ್ಕದಲ್ಲೇ ಕೂತಿದ್ದ ಶಿವಪುತ್ರ ಹೂಲಿಕಟ್ಟಿ ಬೆನ್ನು ನೆಟ್ಟಗೆ ಮಾಡಿಕೊಂಡರು.

ಅದು 2058. ಈ ಟೊಪ್ಪಿಗೆಗೆ ಒಲವುಮಾಪಕ ಎಂದು ಹೆಸರು. ಮನಸ್ಸಿಗೆ ಹಿಡಿಸಿದ್ದು ಎದುರಾದಾಗ, ಅದು ನಮಗೇ ತಿಳಿಯುವ ಮೊದಲು, ಮಿದುಳಿನ ಒಂದು ಭಾಗಕ್ಕೆ ರಕ್ತ ತುಸು ಹೆಚ್ಚಾಗಿ ಹರಿಯುತ್ತದೆ. ಟೊಪ್ಪಿಗೆಯೊಳಗಿನ ಸಣ್ಣ ದೀಪಗಳು ಕಣ್ಣಿಗೆ ಕಾಣದ ಬೆಳಕನ್ನು ಹಾಯಿಸಿ ಆ ಹರಿವನ್ನು ಅಳೆಯುತ್ತವೆ. ಧಾರವಾಡದ ಡಾ. ಮಾಲತೇಶ ಕುಂದಗೋಳ ಇದನ್ನು ಕಂಡುಹಿಡಿದು ಹನ್ನೊಂದು ವರ್ಷವಾಗಿತ್ತು. ಎಂಟು ವರ್ಷಗಳಿಂದ ಕಾಲೇಜು ಸೀಟು ಹಂಚುವಾಗ ಪರೀಕ್ಷೆಯ ಅಂಕಕ್ಕೆ ಅರ್ಧ ತೂಕ, ಒಲವಿಗೆ ಅರ್ಧ.

ವಿಶಾಲಾಕ್ಷಿ ಯಾವ ಕಾಲೇಜಿಗೂ ಸೇರಿದವರಲ್ಲ. ಧಾರವಾಡದ ಸಪ್ತಾಪುರ ಬಡಾವಣೆಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಯಾವ ಮಗು ಯಾವ ಕಾಲೇಜಿಗೆ, ಯಾವ ವಿಷಯಕ್ಕೆ ಅರ್ಜಿ ಹಾಕಬೇಕೆಂದು ಸ್ವತಂತ್ರವಾಗಿ ಸಲಹೆ ಕೊಡುವುದು ಅವರ ಕೆಲಸ. ಮೊದಲೆಲ್ಲ ಒಂದು ಮಗುವಿನ ಮನಸ್ಸು ತಿಳಿಯಲು ನಾಲ್ಕು ಭೇಟಿ ಬೇಕಾಗುತ್ತಿತ್ತು, ಈಗ ನಲವತ್ತು ನಿಮಿಷ. ನಿಜ ಹೇಳಬೇಕೆಂದರೆ ಯಂತ್ರ ಬಂದ ಮೇಲೆ ಅವರಿಗೆ ಸ್ವಲ್ಪ ಸೋಮಾರಿತನವೂ ಬಂದಿತ್ತು.

ಅಂದು ಸಂಜೆ ಐದಕ್ಕೆ ಆಯ್ಕೆಪಟ್ಟಿ ಕಳಿಸಲು ಕೊನೆಯ ಗಳಿಗೆ. ಒಮ್ಮೆ ಕಳಿಸಿದರೆ ತಿದ್ದುವಂತಿಲ್ಲ. ಮೇಲಿನಿಂದ ಯಾವುದು ಮೊದಲು ಸಿಗುತ್ತದೋ ಅದೇ ಇಂಚರಾಳ ಮುಂದಿನ ಐದು ವರ್ಷ. ಹವ್ಯಾಸದ ಸಾಲಿನಲ್ಲಿ ಹುಡುಗಿ ‘ಇರುವೆ ಸಾಲು ನೋಡುವುದು’ ಎಂದು ಬರೆದಿದ್ದಳು. ಸೌರಪಂಪು ರಿಪೇರಿಯ ಅಂಗಡಿ ನಡೆಸುವ ಶಿವಪುತ್ರ ಅದನ್ನು ಓದಿ ನಕ್ಕಿದ್ದರು. "ಇರುವಿ ನೋಡಾಕ ಕಾಲೇಜ್ ಯಾಕ್ ಬೇಕ್ರಿ ಅಕ್ಕೋರ? ನಮ್ಮ ಮನ್ಯಾಗ ಸಕ್ಕರಿ ಡಬ್ಬಿ ಐತಲ್ಲ."

ಪರೀಕ್ಷೆ ಮುಗಿಯುವವರೆಗೆ ಪಾಲಕರು ಮಗುವಿನ ಪಕ್ಕದಲ್ಲೇ ಕೂತಿರಬೇಕೆಂಬುದು ಕಾನೂನು. ಹದಿನೆಂಟು ತುಂಬದ ಮಗುವಿನ ತಲೆಯೊಳಗೆ ಇಣುಕುವಾಗ ಅಷ್ಟಾದರೂ ಕಾವಲು ಬೇಡವೇ? ಖಾತ್ರಿಗೆಂದು ಎಲ್ಲ ವಿಷಯವೂ ಎರಡನೇ ಸುತ್ತು ಬರುತ್ತದೆ. ಆ ಸುತ್ತಿನ ಆರಂಭಕ್ಕೆ ಶಿವಪುತ್ರರ ಬಾಯಿತುಂಬ ಎಲೆ-ಅಡಿಕೆಯ ರಸ. ಕೈಸನ್ನೆ ಮಾಡಿ ಅವರು ಉಗುಳಲು ಹಿತ್ತಲಿಗೆ ಹೋದರು. ಆಗ ಯಂತ್ರ ನಿಲ್ಲಿಸಬೇಕಿತ್ತು. ವಿಶಾಲಾಕ್ಷಿ ಮರೆತರು.

ಈ ಸಲ ವೈದ್ಯಕೀಯ ಬಂದಾಗ ಅಂಕೆ ಮೂವತ್ತನಾಲ್ಕು. ಕೀಟಶಾಸ್ತ್ರಕ್ಕೆ ಐವತ್ತೆರಡು. ಉಳಿದವೆಲ್ಲ ಹೆಚ್ಚುಕಡಿಮೆ ಮೊದಲಿನಷ್ಟೇ. ಬಾಯೊರೆಸಿಕೊಳ್ಳುತ್ತ ಶಿವಪುತ್ರ ಮರಳಿದರು. ವಿಶಾಲಾಕ್ಷಿ ವೈದ್ಯಕೀಯವನ್ನು ಮತ್ತೆ ತೋರಿಸಿದರು. ಎಂಬತ್ತಾರು.

ಎಂಟು ವರ್ಷಗಳಲ್ಲಿ ತಾವು ಹೀಗೆ ಪಟ್ಟಿ ಬರೆದುಕೊಟ್ಟ ನೂರಾರು ಮಕ್ಕಳ ಮುಖ ವಿಶಾಲಾಕ್ಷಿಗೆ ನೆನಪಾಯಿತು. ಡಾ. ಕುಂದಗೋಳರಿಗೆ ಫೋನ್ ಮಾಡಿದರು. ಅದೇ ಊರಿನವರು, ಅರ್ಧ ತಾಸಿನಲ್ಲಿ ಬಂದರು. ಅಪ್ಪನನ್ನು ಒಳಗೆ ಕೂರಿಸಿ, ಹೊರಗೆ ಕಳಿಸಿ, ಮೂರು ಸಲ ಅಳೆದರು. ಮೂರು ಸಲವೂ ಅದೇ ಕತೆ.

"ಯಂತ್ರ ಸುಳ್ಳು ಹೇಳಿಲ್ಲ" ಎಂದರು ಡಾ. ಕುಂದಗೋಳ ಕೊನೆಗೆ. "ಅಪ್ಪಗ ಖುಷಿ ಆಗ್ತದ ಅನ್ನೋದೂ ಮಗಳಿಗೆ ಖುಷಿನ. ಎರಡಕ್ಕೂ ರಕ್ತ ಹರಿಯೋದು ಒಂದೇ ಕಡೆ. ನಾ ಅಳದದ್ದು ವಿಷಯದ ಮ್ಯಾಲಿನ ಒಲವು ಅಲ್ಲ ಮೇಡಂ, ಪಕ್ಕದಾಗ ಕೂತವ್ರ ಮ್ಯಾಲಿನ ಒಲವು. ಹನ್ನೊಂದು ವರ್ಷ ಅದನ್ನ ಅಳೀಲಿಕ್ಕೆ ಹತ್ತೇನಿ."

ಕಾನೂನಿಗೆ ತಲೆಬಾಗಿ ಅವರು ಪ್ರಯೋಗಾಲಯದಲ್ಲೂ ಒಂದೇ ಒಂದು ಮಗುವನ್ನು ಪಾಲಕರಿಲ್ಲದೆ ಅಳೆದಿರಲಿಲ್ಲ.

ಗಂಟೆ ನಾಲ್ಕಾಗಿತ್ತು. ನಿಯಮದ ಪ್ರಕಾರ ಮೊದಲ ಸುತ್ತಿನ ಎಂಬತ್ತೆಂಟೇ ಊರ್ಜಿತ, ಅದನ್ನು ಹಿಡಿದು ಹೋದರೆ ವೈದ್ಯಕೀಯ ಸೀಟು ಖಂಡಿತ. ವಿಶಾಲಾಕ್ಷಿ ಇದನ್ನು ಮುಚ್ಚಿಡದೆ ತಂದೆ-ಮಗಳಿಗೆ ಹೇಳಿದರು. ಆಮೇಲೆ ಟೊಪ್ಪಿಗೆ ತೆಗೆದಿಟ್ಟು, ಶಿವಪುತ್ರರ ಫೋನಿನಲ್ಲಿದ್ದ ಖಾಲಿ ಆಯ್ಕೆಪಟ್ಟಿಯನ್ನು ಹುಡುಗಿಯ ಮುಂದೆ ಸರಿಸಿ, ಇಬ್ಬರು ಗಂಡಸರನ್ನೂ ಕರೆದುಕೊಂಡು ಜಗಲಿಗೆ ಬಂದು ಬಾಗಿಲು ಹಾಕಿದರು.

ಐದಕ್ಕೆ ಏಳು ನಿಮಿಷವಿರುವಾಗ ಇಂಚರಾ ಹೊರಗೆ ಬಂದಳು. ಮುಖದಲ್ಲಿ ಅತ್ತ ಗುರುತಿತ್ತು. ಶಿವಪುತ್ರ ಪಟ್ಟಿ ನೋಡಿದರು. ಮೊದಲು ಕೀಟಶಾಸ್ತ್ರ, ಆಮೇಲೆ ಎರಡು ಬೇರೆ, ನಾಲ್ಕನೆಯದು ವೈದ್ಯಕೀಯ.

"ಇದು ನನ್ನ ಸಲುವಾಗಿ ಬರದಿಯೇನವಾ?" ನಾಲ್ಕನೆಯದರ ಮೇಲೆ ಬೆರಳಿಟ್ಟು ಕೇಳಿದರು.

"ಅಲ್ಲಪ್ಪಾ. ನನಗಿನ್ನೂ ಪಕ್ಕಾ ಗೊತ್ತಿಲ್ಲ. ಒಬ್ಬಾಕಿನ ಕೂತು ವಿಚಾರ ಮಾಡಿದ್ದು ಇವತ್ತ ಮೊದಲ."

ಶಿವಪುತ್ರರಿಗೆ ದುಃಖವಾಗಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಆದರೆ ‘ಕಳಿಸು’ ಎಂಬ ಗುಂಡಿಯನ್ನು ಮಗಳೇ ಒತ್ತಲಿ ಎಂದು ಫೋನನ್ನು ಅವಳ ಕೈಗೆ ಕೊಟ್ಟರು.

ಡಾ. ಕುಂದಗೋಳ ತಮ್ಮ ತಪ್ಪನ್ನು ತಾವೇ ಪ್ರಕಟಿಸಿದರು. ಮರುವರ್ಷ ನಿಯಮ ಬದಲಾಯಿತು, ಪಾಲಕರು ಹೊರಗೆ ಕೂತರು. ರಾಜ್ಯದ ತುಂಬ ಅಂಕೆಗಳು ದಡದಡ ಇಳಿದವು. ಹೆಚ್ಚಿನ ಮಕ್ಕಳಿಗೆ ಯಾವ ವಿಷಯಕ್ಕೂ ಐವತ್ತು ದಾಟಲಿಲ್ಲ. ಯಂತ್ರ ಕೆಟ್ಟಿದೆ ಎಂದು ಜನ ಗಲಾಟೆ ಮಾಡಿದರು. ಈಗಷ್ಟೇ ಸರಿಹೋಗಿದೆ ಎಂದು ವಿಜ್ಞಾನಿ ಉತ್ತರಿಸಿದರು. ಹುಟ್ಟಿದಾಗಿನಿಂದ ಹದಿನೇಳು ವರ್ಷ ಮಗುವನ್ನು ಯಾರೂ ಕೇಳದ ಪ್ರಶ್ನೆಗೆ ನಲವತ್ತು ನಿಮಿಷದಲ್ಲಿ ಉತ್ತರ ಎಲ್ಲಿಂದ ಬಂದೀತು?

ಒಲವುಮಾಪಕ ಬರಲು ಇನ್ನೂ ಎಷ್ಟೋ ವರ್ಷವಿದೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲಿ ಮಗುವಿದ್ದರೆ, ನಿನಗೇನು ಇಷ್ಟ ಎಂದು ಇವತ್ತೇ ಕೇಳಬಹುದು. ಕೇಳಿ, ಉತ್ತರಕ್ಕಾಗಿ ಮುಖ ನೋಡುತ್ತ ನಿಲ್ಲದೆ, ಎದ್ದು ಪಕ್ಕದ ಕೋಣೆಗೆ ಹೋಗುವುದೇ ಕಷ್ಟ.